ಮದ್ರಾಸಿನ ಗವರ್ನರ್ ಮತ್ತು ಸ್ಕೈ ದ್ವೀಪದ ಒಕ್ಕಲು

1883ರ ಮೇ ತಿಂಗಳು. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಸರ್ಕಾರ ನೇಮಿಸಿದ ಆಯೋಗವೊಂದು ತನ್ನ ಮೊದಲ ವಿಚಾರಣೆಗೆ ಕೂತಿತ್ತು. ಸಾಕ್ಷಿ ಹೇಳಲು ಎದ್ದವನು ಆಂಗಸ್ ಸ್ಟುವರ್ಟ್ ಎಂಬ ಬಡ ಗೇಣಿದಾರ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಾಳೆ ಧಣಿಗಳು ತನ್ನನ್ನು ಒಕ್ಕಲೆಬ್ಬಿಸುವುದಿಲ್ಲವೆಂಬ ಭರವಸೆ ಬೇಕು ಎಂದು ಅವನು ಮೊದಲಿಗೇ ಗೇಲಿಕ್ ಭಾಷೆಯಲ್ಲಿ ಕೇಳಿದ. ಹಾಗೆ ಮಾತು ಕೊಡುವ ಅಧಿಕಾರ ಆಯೋಗಕ್ಕೇ ಇರಲಿಲ್ಲ. ಅಲ್ಲೇ ಇದ್ದ ಧಣಿಯ ಪಾರುಪತ್ಯಗಾರ ಒಪ್ಪಿದ ಮೇಲೆ ಅವನು ಬಾಯಿಬಿಟ್ಟ.

ಆ ಆಯೋಗದ ಅಧ್ಯಕ್ಷ ಲಾರ್ಡ್ ನೇಪಿಯರ್. ಈ ಹೆಸರು ಕಂಡಾಗ ನಾನು ಪುಟ ತಿರುಗಿಸುವುದನ್ನು ನಿಲ್ಲಿಸಿದೆ. 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ನೇಪಿಯರ್ ಇವರೇ. ನಮ್ಮ ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಅವರ ಆಡಳಿತಕ್ಕೆ ಸೇರಿದ್ದವು. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ನನಗೆ ಬ್ರೇಸಿನ ಆ ಪ್ರಶ್ನೆ ತೀರ ಪರಕೀಯವೆನಿಸಲಿಲ್ಲ. ಚಾಲಗೇಣಿಯ ಒಕ್ಕಲಿಗೂ ಇದ್ದದ್ದು ಅದೇ ಭಯ.

ಸ್ಟುವರ್ಟ್‌ನಂಥವರ ಹಿಡುವಳಿಗೆ ಕ್ರಾಫ್ಟ್ ಎಂದು ಹೆಸರು. ಒಂದು ಮನೆ, ಸುತ್ತ ಒಂದಿಷ್ಟು ತುಂಡು ಹೊಲ, ಊರವರೆಲ್ಲ ಸೇರಿ ದನ ಕುರಿ ಮೇಯಿಸುವ ಗುಡ್ಡದಲ್ಲಿ ಪಾಲು. ಇದು ಅನಾದಿ ಕಾಲದ ಪದ್ಧತಿ ಎಂದೇ ನಾನು ತಿಳಿದಿದ್ದೆ. ಅಲ್ಲ. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತರ ಆರಂಭದಲ್ಲಿ ಜಮೀನುದಾರರೇ ಹಳೆಯ ಕೂಡುಬೇಸಾಯದ ಊರುಗಳನ್ನು ಒಡೆದು ಹೀಗೆ ತುಂಡು ಮಾಡಿದರು. ಎಷ್ಟೋ ಕಡೆ ತುಂಡುಗಳು ಬೇಕೆಂದೇ ಚಿಕ್ಕವು. ಹೊಲದಲ್ಲೇ ಹೊಟ್ಟೆ ತುಂಬಿದರೆ ಕಡಲಿಗಿಳಿದು ಪಾಚಿ ಬಾಚಿ, ಅದನ್ನು ಸುಟ್ಟು ಕ್ಷಾರ ಮಾಡಿಕೊಡುವವರು ಯಾರು? ಆ ಬೂದಿ ಗಾಜು, ಸಾಬೂನಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು, ಲಾಭ ಧಣಿಗೆ. ನೆಪೋಲಿಯನ್ ಯುದ್ಧ ಮುಗಿದು ಅದರ ಬೆಲೆ ಬಿದ್ದ ಮೇಲೆ ಅದೇ ಜನ ಹೊರೆಯಾದರು. ಒಳನಾಡಿನ ಕಣಿವೆಗಳನ್ನಂತೂ ಕುರಿಗಳಿಗಾಗಿ ಆಗಲೇ ತೆರವು ಮಾಡಲಾಗುತ್ತಿತ್ತು. ಸದರ್ಲೆಂಡಿನ ಸ್ಟ್ರಾತ್‌ನೇವರ್‌ನಲ್ಲಿ ಮನೆಗಳಿಗೆ ಬೆಂಕಿ ಇಟ್ಟ ಆರೋಪದ ಮೇಲೆ ಪ್ಯಾಟ್ರಿಕ್ ಸೆಲ್ಲರ್ ಎಂಬ ಪಾರುಪತ್ಯಗಾರನ ವಿಚಾರಣೆ 1816ರಲ್ಲಿ ನಡೆಯಿತು. ಖುಲಾಸೆಯಾದ. 1846ರಲ್ಲಿ ಆಲೂಗಡ್ಡೆಗೆ ರೋಗ ಬಂದಾಗ ಉಳಿದವರಲ್ಲೂ ಅನೇಕರು ಹಡಗು ಹತ್ತಿದರು.

ಬ್ರೇಸಿನವರು ಮಾತ್ರ ತಿರುಗಿಬಿದ್ದರು. ಬೆನ್ ಲೀ ಎಂಬ ಗುಡ್ಡದ ಮೇವಿನ ಹಕ್ಕು ಕಳೆದುಕೊಂಡಿದ್ದ ಅವರು ಅದು ಮರಳಿ ಸಿಗುವವರೆಗೆ ಗೇಣಿ ಕೊಡೆವು ಎಂದರು. 1882ರ ಏಪ್ರಿಲ್‌ನಲ್ಲಿ ನೋಟೀಸು ತಂದವನ ಕೈಯಿಂದಲೇ ನೋಟೀಸು ಸುಡಿಸಿದರು. ಗ್ಲಾಸ್ಗೋದಿಂದ ಸುಮಾರು ಐವತ್ತು ಪೊಲೀಸರು ಬಂದರು. ಅವರ ಮೇಲೆ ಕಲ್ಲು ತೂರಿದವರಲ್ಲಿ ಹೆಂಗಸರೇ ಮುಂದೆ. ಆ ಗಲಾಟೆಯ ಫಲವೇ ನೇಪಿಯರ್ ಆಯೋಗ.

ಆಯೋಗ ಏಳುನೂರಕ್ಕೂ ಹೆಚ್ಚು ಜನರ ಮಾತು ಕೇಳಿ 1884ರಲ್ಲಿ ವರದಿ ಕೊಟ್ಟಿತು. ಹಕ್ಕು ಇಡೀ ಊರಿಗೆ ಇರಲಿ ಎಂಬುದು ನೇಪಿಯರ್ ಅವರ ಮುಖ್ಯ ಸಲಹೆ. ಒಬ್ಬೊಬ್ಬ ರೈತನೊಡನೆ ಬೇರೆ ಬೇರೆಯಾಗಿ ವ್ಯವಹರಿಸುವ ರೈತವಾರಿಯ ಮದ್ರಾಸನ್ನು ಆಳಿ ಬಂದವರು ಹೀಗೆ ಹೇಳಿದ್ದು ನನಗೆ ಸೋಜಿಗ. ಸರ್ಕಾರ ಮಾತ್ರ ಆ ಸಲಹೆಯನ್ನು ಬದಿಗಿಟ್ಟು, ಐರ್ಲೆಂಡಿನ 1881ರ ಕಾಯಿದೆಯ ಜಾಡು ಹಿಡಿದು, 1886ರಲ್ಲಿ ಒಬ್ಬೊಬ್ಬ ಗೇಣಿದಾರನಿಗೇ ರಕ್ಷಣೆ ಕೊಟ್ಟಿತು. ಗೇಣಿ ಕಟ್ಟುತ್ತ, ಷರತ್ತು ಪಾಲಿಸುವವರೆಗೆ ಎಬ್ಬಿಸುವಂತಿಲ್ಲ, ಗೇಣಿಯನ್ನು ಆಯೋಗ ನಿಗದಿ ಮಾಡುತ್ತದೆ, ಹಿಡುವಳಿ ಮಕ್ಕಳಿಗೆ ಹೋಗುತ್ತದೆ, ಬಿಟ್ಟು ಹೋದರೆ ಕಟ್ಟಿದ ಮನೆಗೆ ಪರಿಹಾರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಾಲಗೇಣಿಯವನು ಹೆಚ್ಚುಕಡಿಮೆ ಮೂಲಗೇಣಿಯವನಾದ. ಗೇಣಿ ಇಳಿಯಿತು, ಬಾಕಿಯೂ ಎಷ್ಟೋ ಮನ್ನಾ ಆಯಿತು.

ಆದರೆ ಕಾಯಿದೆ ಕಾಪಾಡಿದ್ದು ಅಂದು ನೆಲದ ಮೇಲೆ ನಿಂತಿದ್ದವರನ್ನು. ಆಗಲೇ ಎಬ್ಬಿಸಿಕೊಂಡವರಿಗೆ, ಊರ ಅಂಚಿನಲ್ಲಿ ಬರೀ ಗುಡಿಸಲಿದ್ದವರಿಗೆ, ಹೊಲವೇನೂ ಸಿಗಲಿಲ್ಲ. ಇಂದಿನ ತಕರಾರಿನ ಬೇರೂ ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

1976ರ ಕಾಯಿದೆ ವಾರ್ಷಿಕ ಗೇಣಿಯ 15 ಪಟ್ಟು ಕೊಟ್ಟು ಕ್ರಾಫ್ಟ್ ಭೂಮಿಯನ್ನು ಕೊಂಡುಕೊಳ್ಳುವ ಹಕ್ಕು ಕೊಟ್ಟಿತು. ನಮ್ಮ 1974ರ ಭೂಸುಧಾರಣೆಗಿಂತ ಎರಡೇ ವರ್ಷ ಆಚೆ. ಇಲ್ಲಿ ಡಿಕ್ಲರೇಶನ್ ಹಾಕಿ ಪಡೆದ ಗದ್ದೆ ಮುಂದೆ ಸೈಟಾದ ಹಾಗೆ, ಅಲ್ಲಿಯೂ ಕಡಲು ಕಾಣುವ ಕ್ರಾಫ್ಟಿಗೆ ಬೆಲೆ ಬಂತು. ವಿಚಿತ್ರವೆಂದರೆ ಒಡೆತನಕ್ಕಷ್ಟೇ ಅಲ್ಲ, ಬರೀ ಗೇಣಿ ಹಕ್ಕಿಗೂ ಜನ ದೊಡ್ಡ ಮೊತ್ತ ಕೊಡುತ್ತಾರೆ. ಒಕ್ಕಲೆಬ್ಬಿಸಬಾರದೆಂದು ಕೊಟ್ಟ ಹಕ್ಕು ಹೊಸಬರನ್ನು ಹೊರಗಿಡುವ ಬೇಲಿಯೂ ಆಯಿತು.

ಇದನ್ನು ಕಂಡೇ ಮಾರ್ಕ್ ಶಕ್‌ಸ್ಮಿತ್ ಅಧ್ಯಕ್ಷತೆಯ ಸಮಿತಿ 2008ರಲ್ಲಿ, ಕ್ರಾಫ್ಟಿನ ಮನೆಯಲ್ಲಿ ಯಾರಾದರೂ ಖಾಯಂ ವಾಸವಿರಲೇಬೇಕೆಂಬ ಷರತ್ತನ್ನು ಆಸ್ತಿಗೇ ಅಂಟಿಸಿ ಎಂದಿತು. ಮನೆಯ ಬೆಲೆ ಬೀಳುತ್ತದೆಂದು ಕ್ರಾಫ್ಟಿನವರಿಂದಲೇ ವಿರೋಧ ಬಂದು ಅದು ಕೈಬಿಟ್ಟುಹೋಯಿತು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಎರಡು ತಲೆಮಾರು ಗೇಯ್ದ ನೆಲಕ್ಕೆ ಬೆಲೆ ಬಂದಾಗ ಬೇಡ ಎನ್ನುವವರು ನಮ್ಮೂರಲ್ಲೂ ಇರಲಿಲ್ಲ. 2010ರ ಕಾಯಿದೆ ಹಿಡುವಳಿದಾರ ಕ್ರಾಫ್ಟಿನಿಂದ 32 ಕಿಲೋಮೀಟರಿನ ಒಳಗೆ ವಾಸಿಸಬೇಕು, ನೆಲವನ್ನು ಪಾಳು ಬಿಡಬಾರದು ಎಂದಿತು. ತಿದ್ದುಪಡಿಯ ಮೇಲೆ ತಿದ್ದುಪಡಿ ಬಂದು ಕಾನೂನು ಎಷ್ಟು ಗೋಜಲಾಯಿತೆಂದರೆ, ಕ್ರಾಫ್ಟ್ ಎಂದರೆ ಸುತ್ತಲೂ ಕಾಯಿದೆಗಳಿರುವ ಪುಟ್ಟ ಜಮೀನು ಎಂಬುದು ಅಲ್ಲಿನ ಹಳೆಯ ತಮಾಷೆ. ದೋಷಗಳನ್ನು ಒಟ್ಟು ಮಾಡಿದ 2014ರ ವರದಿಯನ್ನು ‘ಸಂಪ್’, ಅಂದರೆ ಕೊಚ್ಚೆ ಗುಂಡಿ, ಎಂದೇ ಕರೆದರು.

2025ರ ಜೂನ್‌ನಲ್ಲಿ ಸ್ಕಾಟಿಷ್ ಪಾರ್ಲಿಮೆಂಟಿಗೆ ಮತ್ತೊಂದು ಮಸೂದೆ ಬಂತು. ಪರಿಸರಕ್ಕಾಗಿ ನೆಲ ಬಳಸುವುದಕ್ಕೆ ಇನ್ನಷ್ಟು ಅವಕಾಶ, ಕಾಗದಪತ್ರದ ಸರಳೀಕರಣ, ಸ್ಕಾಟಿಷ್ ಭೂ ನ್ಯಾಯಾಲಯವನ್ನು ಭೂ ನ್ಯಾಯಮಂಡಳಿಯೊಡನೆ ಒಂದುಗೂಡಿಸುವುದು ಅದರ ಮುಖ್ಯ ಅಂಶಗಳು. ಬೇಕಾದವೇ. ಗೇಣಿ ಹಕ್ಕಿನ ಬೆಲೆಗೆ ಮೂಗುದಾರ ಹಾಕುವ ಮಾತು ಮಾತ್ರ ಆ ಮುಖ್ಯ ಅಂಶಗಳಲ್ಲಿ ಇಲ್ಲ. ಇವತ್ತು ಸ್ಕೈ ದ್ವೀಪದಲ್ಲಿ ಕ್ರಾಫ್ಟ್ ಹುಡುಕುವ ಹುಡುಗಿಯೊಬ್ಬಳನ್ನು ಅಲ್ಲಿಂದ ಯಾರೂ ಒಕ್ಕಲೆಬ್ಬಿಸಲಾರರು. ಅವಳು ಒಕ್ಕಲಾಗುವುದೇ ಕಷ್ಟ.