ಪೆಟ್ಟಾಗದಿದ್ದರೂ ಅಜ್ಜಿಯ ಭುಜ ಊದಿ ನೀಲಿಗಟ್ಟಿದೆಯೇ? ತಿಕ್ಕುವ ಮುನ್ನ ಇದನ್ನು ಓದಿ

ಅಜ್ಜಿ ಬಿದ್ದಿಲ್ಲ, ಪೆಟ್ಟೂ ಆಗಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಭುಜ ಊದಿದೆ, ತೋಳು ಮೊಣಕೈವರೆಗೆ ನೀಲಿಗಟ್ಟಿದೆ. ಮನೆಯಲ್ಲಿ ಒಬ್ಬರು ‘ವಾಯು’ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಬಿಸಿ ಮಾಡಿ ತಿಕ್ಕಲು ಕೂರುತ್ತಾರೆ. ಸ್ವಲ್ಪ ತಡೆಯಿರಿ. ಭುಜದ ಕೀಲಿನೊಳಗೆ ರಕ್ತ ಸೋರಿರಬಹುದು.

ಪೆಟ್ಟಿಲ್ಲದೆ ರಕ್ತ ಹೇಗೆ?

ನಮ್ಮ ತೋಳಿನ ಮೂಳೆಯ ತುದಿ ಚೆಂಡಿನಂತಿದೆ. ಅದು ಕೂರುವ ಗುಳಿ ಆಳವಿಲ್ಲ. ಚೆಂಡು ಜಾರದಂತೆ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು ಮತ್ತು ಅವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿಗಳು. ಇದೇ ರೊಟೇಟರ್ ಕಫ್.

ವಯಸ್ಸಾದಂತೆ ಈ ಹುರಿಗಳು ಸವೆದು ಹರಿಯುವುದು ಸಾಮಾನ್ಯ. ಎಷ್ಟೋ ಜನರಿಗೆ ನೋವೂ ಇರುವುದಿಲ್ಲ. ಆದರೆ ದೊಡ್ಡದಾಗಿ ಹರಿದರೆ ಚೆಂಡು ಮೇಲಕ್ಕೆ ಸರಿದು ಮೂಳೆಗೆ ಉಜ್ಜುತ್ತದೆ. ಕೀಲು ಹಾಳಾಗುತ್ತಾ ಹೋಗಿ, ಅದರ ಒಳಪೊರೆಯ ಸಣ್ಣ ರಕ್ತನಾಳಗಳು ಒಡೆಯಬಹುದು. ಸೋರಿದ ರಕ್ತ ಕೆಳಗಿಳಿದು ತೋಳು ನೀಲಿಯಾಗುತ್ತದೆ.

1981ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಡಾ. ಡೇನಿಯಲ್ ಮೆಕಾರ್ಟಿ ಮತ್ತು ಸಂಗಡಿಗರು ಇಂತಹ ಭುಜಗಳ ನೀರಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್‌ನ ಸೂಕ್ಷ್ಮ ಹರಳುಗಳನ್ನು ಕಂಡರು. ಅದಕ್ಕೇ ಇದಕ್ಕೆ ‘ಮಿಲ್ವಾಕಿ ಭುಜ’ ಎಂಬ ಹೆಸರು. ಇದು ಅಪರೂಪ, ಹೆಚ್ಚಾಗಿ 70 ದಾಟಿದ ಮಹಿಳೆಯರಲ್ಲಿ, ಹೆಚ್ಚು ಬಳಸುವ ಕೈಯಲ್ಲಿ ಕಾಣಿಸುತ್ತದೆ.

ಎಲ್ಲವೂ ‘ಫ್ರೋಜನ್ ಶೋಲ್ಡರ್’ ಅಲ್ಲ

ಫ್ರೋಜನ್ ಶೋಲ್ಡರ್‌ನಲ್ಲಿ ಭುಜ ಬಿಗಿದುಕೊಂಡಿರುತ್ತದೆ. ಬೇರೆಯವರು ಎತ್ತಿದರೂ ಕೈ ಮೇಲೇಳದು. ಕಫ್ ಹರಿದಿದ್ದರೆ ತಾವಾಗಿ ಎತ್ತಲು ಕಷ್ಟ, ಆದರೆ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಏಳುತ್ತದೆ. ಊದಿದ ಭುಜದ ಮೇಲೆ ಇದನ್ನು ಮನೆಯಲ್ಲಿ ಪರೀಕ್ಷಿಸಬೇಡಿ, ಅದು ವೈದ್ಯರ ಕೆಲಸ.

ಏನು ಮಾಡಬಾರದು?

• ತಿಕ್ಕಬೇಡಿ, ಎಳೆಯಬೇಡಿ, ಶಾಖ ಕೊಡಬೇಡಿ. ರಕ್ತಸ್ರಾವ ಹೆಚ್ಚಬಹುದು.
• ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಈ ಮಾತ್ರೆಯಿಂದ ಸ್ರಾವ ಹೆಚ್ಚಿರಬಹುದು ನಿಜ, ಆದರೆ ದಿಢೀರ್ ಬಿಟ್ಟರೆ ಪಾರ್ಶ್ವವಾಯುವಿನ ಅಪಾಯವಿದೆ. ಅದೇ ದಿನ ವೈದ್ಯರನ್ನು ಕೇಳಿ.
• ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ.

ಏನು ಮಾಡಬೇಕು?

ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿ, ಬಟ್ಟೆ ಸುತ್ತಿದ ಐಸ್ ಇಟ್ಟು, ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳೂ ಜೊತೆಗಿರಲಿ. ಜ್ವರವಿದ್ದರೆ, ಭುಜ ಕೆಂಪಾಗಿ ಬಿಸಿಯಾಗಿದ್ದರೆ ಸೋಂಕಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ.

ವೈದ್ಯರು ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡಿಸಬಹುದು, ಸೂಜಿಯಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸಬಹುದು. ಅನೇಕರಿಗೆ ವಿಶ್ರಾಂತಿ, ಆಮೇಲೆ ಫಿಸಿಯೋಥೆರಪಿ ಸಾಕಾಗುತ್ತದೆ. ಕೀಲು ತೀರಾ ಹಾಳಾಗಿದ್ದರೆ ‘ರಿವರ್ಸ್’ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಿದೆ. ಅದರಲ್ಲಿ ಚೆಂಡು ಮತ್ತು ಗುಳಿಯ ಜಾಗ ಅದಲುಬದಲಾಗುತ್ತದೆ. ಹರಿದ ಕಫ್ ಬದಲು ಭುಜದ ಹೊರಗಿನ ದೊಡ್ಡ ಸ್ನಾಯು ಕೈ ಎತ್ತುತ್ತದೆ.

ಹಿರಿಯರ ಭುಜ ನೋವೆಲ್ಲ ರಕ್ತಸ್ರಾವವಲ್ಲ, ಗಾಬರಿ ಬೇಡ. ಆದರೆ ದಿಢೀರ್ ಊತ ಮತ್ತು ನೀಲಿ ಕಲೆ ಒಟ್ಟಿಗೆ ಕಂಡರೆ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಡಿ. ಫಾರ್ವರ್ಡ್ ಮಾಡುವುದಿದ್ದರೆ ಈ ಒಂದು ಮಾತನ್ನು ಮಾಡಿ.