ಹುಳುವಿಗೆ ಸಿಕ್ಕ ಕಾಳಜಿ

ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸಿದಾಗ, ಅವನ್ನು ಎಂಥ ಜಾಗದಲ್ಲಿ ಇಡಬೇಕು, ಹೇಗೆ ಸಾಕಬೇಕು ಎಂಬುದನ್ನು ತಂದವರಿಂದಲೇ ಕೇಳಿ ತಿಳಿದುಕೊಳ್ಳುವಂತೆ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಪತ್ರ ಬರೆದಿದ್ದ. ಆ ಕಾಳಜಿ ಇಂದಿಗೂ ಉಳಿದಿದೆ. ಸೆಖೆ ಹೆಚ್ಚಾದರೆ ಹುಳು ಮನೆಗೆ ಒದ್ದೆ ಗೋಣಿ ಕಟ್ಟುತ್ತಾರೆ, ಚಳಿಯಾದರೆ ಕೆಂಡ ಇಡುತ್ತಾರೆ. ಆದರೆ ಹುಳು ಕಟ್ಟಿದ ಗೂಡಿನಿಂದ ನೂಲು ತೆಗೆಯುವ ಕೈಗಳ ಬಗ್ಗೆ ಹೀಗೆ ಕೇಳಿ ತಿಳಿದುಕೊಂಡವರು ಎಷ್ಟು ಮಂದಿ?

ನಗರಗೆರೆಯಿಂದ ಶಿಡ್ಲಘಟ್ಟ, ಚಿಂತಾಮಣಿಯವರೆಗಿನ ಈ ಬಯಲುಸೀಮೆಗೆ ನದಿ ನೀರಾವರಿಯ ಭಾಗ್ಯವಿಲ್ಲ. ಹಿಪ್ಪುನೇರಳೆಯೇ ಹಲವರ ಕೈ ಹಿಡಿದ ಬೆಳೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 1959ರ ಕಾಯ್ದೆಯ ಪ್ರಕಾರ ಗೂಡಿನ ವ್ಯಾಪಾರಕ್ಕೆ ಸರ್ಕಾರದ ಕಣ್ಗಾವಲಿದೆ. ಪ್ರತಿ ಲಾಟಿಗೂ ಹರಾಜು, ತೂಕ, ಚೀಟಿ, ಲೆಕ್ಕ ಉಂಟು. ಗೂಡು ಮಾರುಕಟ್ಟೆಯಿಂದ ರೀಲರ್‌ನ ಮನೆ ಸೇರಿದ ಮೇಲೆ ಈ ಲೆಕ್ಕವೆಲ್ಲ ಮಸುಕಾಗುತ್ತದೆ.

ನೂಲು ಬಿಚ್ಚುವುದು ನಾಜೂಕಿನ ಕೆಲಸ. ಬೇಯಿಸಿದ ಗೂಡಿನ ಎಳೆಯ ತುದಿಯನ್ನು ಬಿಸಿನೀರಿನಲ್ಲೇ ಹುಡುಕಿ, ಹಲವು ಎಳೆ ಕೂಡಿಸಿ ರಾಟೆಗೆ ಹಾಕಬೇಕು. ಇಡೀ ದಿನ ನೀರಲ್ಲಿ ನೆನೆದ ಬೆರಳು ಬಿರಿಯುತ್ತದೆ; ಹಬೆ, ಸತ್ತ ಹುಳುವಿನ ವಾಸನೆ ಎದೆಗಿಳಿಯುತ್ತದೆ. ಎಳೆ ಕಡಿಯದಂತೆ ಹಿಡಿಯುವ ಈ ವಿದ್ಯೆಗೆ ನಾವು 'ಕೂಲಿ' ಎಂದಷ್ಟೇ ಹೆಸರಿಟ್ಟಿದ್ದೇವೆ.

ಇಲ್ಲಿನ ನಿಜವಾದ ಬೇಡಿ ಮುಂಗಡ. ಮಗಳ ಮದುವೆಗೋ ಕಾಯಿಲೆಗೋ ಪಡೆದ ಹಣ ವಾರದ ಕೂಲಿಯಲ್ಲಿ ತೀರುವುದಿಲ್ಲ. ಬೇರೆ ಕಡೆ ಹೋಗಬೇಕೆಂದರೆ ಹೊಸ ಮಾಲೀಕ ಹಳೆಯ ಮುಂಗಡ ಕಟ್ಟಬೇಕು. ಆಗ ಬದಲಾಗುವುದು ಸಾಲಗಾರ ಮಾತ್ರ, ಸಾಲವಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂತು. ಜೀತದ ಸಾಲವನ್ನೇ ಅದು ಅಳಿಸಿಹಾಕಿತು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆಯೂ ಬಂತು. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿ, ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕೆ ಸಿಕ್ಕಿಬಿದ್ದ ಮಕ್ಕಳನ್ನು ದಾಖಲಿಸಿತು.

ರೀಲರ್‌ಗಳಲ್ಲಿ ಬಹಳ ಮಂದಿ ನಮ್ಮವರೇ, ಕೂಲಿಗಳಲ್ಲೂ ನಮ್ಮವರಿದ್ದಾರೆ. ಮಸೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಒಲೆಯ ಮುಂದೆ ಮಾಲೀಕ, ಆಳು ಆಗುತ್ತಾರೆ. ಸಣ್ಣ ರೀಲರ್‌ನ ಕಷ್ಟವೂ ಸುಳ್ಳಲ್ಲ. ಗೂಡಿನ ದರವೂ ನೂಲಿನ ದರವೂ ಅವನ ಕೈಯಲ್ಲಿಲ್ಲ. ಚೀನಾ ರೇಷ್ಮೆಯ ಹೊಡೆತ ಬೇರೆ. ಆದರೆ ದರ ಕುಸಿದಾಗಲೆಲ್ಲ ಅದರ ಭಾರವನ್ನು ಅತ್ಯಂತ ದುರ್ಬಲನ ಹೆಗಲಿಗೆ ದಾಟಿಸುವುದು ವ್ಯಾಪಾರದ ನಿಯಮವೇನಲ್ಲ, ನಾವು ಮಾಡಿಕೊಂಡ ರೂಢಿ.

ದೊಡ್ಡ ಕಾರ್ಖಾನೆ ಬಂದರೆ ಇದು ಸರಿಹೋಗುತ್ತದೆಯೇ? ನೆರೆಯ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಚಾರಕ್ಕೆ ಕಾರ್ಮಿಕರು ಸಿಡಿದೆದ್ದರು. ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿದ್ದರೂ ಕಾನೂನು ಬಲ್ಲ ಸಾಕಷ್ಟು ಸಿಬ್ಬಂದಿ ಮಾನವ ಸಂಪನ್ಮೂಲ ವಿಭಾಗದಲ್ಲಿರಲಿಲ್ಲ ಎಂದು ಕಾರ್ಖಾನೆಗಳ ಇಲಾಖೆ ಕಂಡುಕೊಂಡಿತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಎಂದು ಕಂಪೆನಿಯೇ ಒಪ್ಪಿ ಕ್ಷಮೆ ಕೇಳಿತು. ಅಂದು ನಡೆದ ಹಾನಿಯನ್ನು ಯಾರೂ ಸಮರ್ಥಿಸಲಾರರು. ಆದರೆ ದೂರು ಕೇಳುವ ಕಿವಿ ಮೊದಲೇ ಇದ್ದಿದ್ದರೆ ಗಾಜು ಒಡೆಯುವ ಕಲ್ಲು ಬೇಕಿರಲಿಲ್ಲ.

ಮನುಷ್ಯನನ್ನು ಮನುಷ್ಯನಂತೆ ಕಾಣಲು ದೊಡ್ಡ ಕಚೇರಿ ಬೇಕಿಲ್ಲ. ದುಡಿದ ದಿನ, ಪಡೆದ ಮುಂಗಡ, ಕಳೆದ ಹಣ, ಉಳಿದ ಬಾಕಿ ಬರೆದ ಒಂದು ಪುಸ್ತಕ ಮಾಲೀಕನ ಬಳಿ, ಅದರ ಪ್ರತಿ ಕೂಲಿಯ ಬಳಿ ಇರಲಿ. ಗೂಡಿಗೆ ಕೊಡುವ ಚೀಟಿಯನ್ನು ಕೈಗೂ ಕೊಡೋಣ.