ಹಾಟ್‌ಬಾಕ್ಸಿನ ಹೊಟ್ಟೆಯೊಳಗೊಂದು ಇತಿಹಾಸ

ಮದುವೆ ಮನೆಗಳಲ್ಲಿ ನಾವೆಲ್ಲ ಉಡುಗೊರೆಯಾಗಿ ಕೊಟ್ಟು ತೆಗೆದುಕೊಂಡ ಹಾಟ್‌ಬಾಕ್ಸನ್ನು ಒಮ್ಮೆ ನೆನಪಿಸಿಕೊಳ್ಳಿ. ಒಳಗಿನ ಸ್ಟೀಲಿಗೂ ಹೊರಗಿನ ಪ್ಲಾಸ್ಟಿಕ್ಕಿಗೂ ನಡುವೆ ಗಟ್ಟಿಯಾದ ನೊರೆಯಂಥ ವಸ್ತುವೊಂದಿರುತ್ತದೆ. ಪಾಲಿಯುರೆಥೇನ್ ಫೋಮ್ ಎಂದು ಅದರ ಹೆಸರು. ರೊಟ್ಟಿಯನ್ನು ಬಿಸಿಯಾಗಿಡುವುದು ಅದೇ. ಎರಡು ರಾಸಾಯನಿಕ ದ್ರವಗಳನ್ನು ಬೆರೆಸಿದರೆ ಅದು ಹುದುಗಿದ ಹಿಟ್ಟಿನಂತೆ ಉಬ್ಬುತ್ತದೆ. ಉಬ್ಬಿಸಲು ಅನಿಲ ಬೇಕು. ದಶಕಗಳ ಕಾಲ ಈ ಕೆಲಸ ಮಾಡಿದ್ದು ಸಿಎಫ್‌ಸಿ-11.

ಈ ಬಗೆಯ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರ ಬೆಳಕಿಗೆ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ಆಗ ಸಹಿ ಹಾಕಲಿಲ್ಲ. ಆಕಾಶವನ್ನು ಹಾಳುಮಾಡಿದ್ದು ಶ್ರೀಮಂತ ದೇಶಗಳು, ಖರ್ಚು ಬಡವರ ತಲೆಗೇಕೆ? ಪ್ರಶ್ನೆ ನ್ಯಾಯವಾದುದೇ ಆಗಿತ್ತೆಂದು ನಾವು ಇಂದಿಗೂ ನಂಬುತ್ತೇವೆ. 1990ರ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಸಚಿವೆ ಮೇನಕಾ ಗಾಂಧಿ ಇದೇ ವಾದ ಮುಂದಿಟ್ಟರು. ಅಲ್ಲಿ ಬಹುಪಕ್ಷೀಯ ನಿಧಿ ಹುಟ್ಟಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್; ಭಾರತ ಮತ್ತು ಚೀನಾ ಸೇರಿದರೆ ಇನ್ನೂ 8 ಕೋಟಿ. ಭಾರತ 1992ರಲ್ಲಿ ಸೇರಿತು.

ದೊಡ್ಡ ಫ್ರಿಜ್ ಕಂಪನಿಗಳಿಗೆ ಬದಲಾವಣೆ ಅಷ್ಟೇನೂ ಕಷ್ಟವಾಗಲಿಲ್ಲ. ಸೈಕ್ಲೋಪೆಂಟೇನ್ ಇತ್ತು. ಆದರೆ ಅದು ಬೆಂಕಿ ಹೊತ್ತುವ ವಸ್ತು. ಅನಿಲ ಸೋರಿದರೆ ಕೂಗುವ ಯಂತ್ರ, ಗಾಳಿಯ ಏರ್ಪಾಡು, ಕಿಡಿ ಹಾರದ ವಿದ್ಯುತ್ ಉಪಕರಣ, ಇವೆಲ್ಲ ಬೇಕು. ಶೀಟಿನ ಶೆಡ್ಡಿನಲ್ಲಿ ನಾಲ್ಕೈದು ಮಂದಿಯನ್ನಿಟ್ಟುಕೊಂಡು ಕೈಯಲ್ಲೇ ಬೆರೆಸಿ ಸುರಿಯುವ ಸಣ್ಣ ತಯಾರಕ ಇದನ್ನೆಲ್ಲ ಎಲ್ಲಿಂದ ತರಬೇಕು? ಅವನು ಸಿಎಫ್‌ಸಿ ಬಿಟ್ಟು ಎಚ್‌ಸಿಎಫ್‌ಸಿ-141ಬಿ ಹಿಡಿದ. ಅದರ ಹಾನಿ ಸುಮಾರು ಹತ್ತನೇ ಒಂದು ಪಾಲು, ಆದರೂ ಹಾನಿಯೇ. ಹೀಗಾಗಿ ಅವನು ಎರಡೆರಡು ಸಲ ಬದಲಾಗಬೇಕಾಯಿತು. ದೇಶದಲ್ಲಿ ಸಿಎಫ್‌ಸಿ ಉತ್ಪಾದನೆ 2008ರ ಆಗಸ್ಟ್‌ನಲ್ಲಿ ನಿಂತಿತು. 141ಬಿಗೆ 2020ರ ಜನವರಿ 1 ಗಡುವಾಯಿತು.

ಈ ಎರಡನೆಯ ಸಲ ಕಂಡುಕೊಂಡ ದಾರಿ ಜಾಣತನದ್ದು. ಸಣ್ಣವರು ರಸಾಯನಶಾಸ್ತ್ರ ಓದಿದವರಲ್ಲ. ಬೆರೆಸಿಟ್ಟ ದ್ರವವನ್ನು ಡ್ರಮ್ಮಿನಲ್ಲಿ ಕೊಳ್ಳುವವರು. ಹಾಗಾಗಿ ಆ ಡ್ರಮ್ ತುಂಬಿಸುವ 'ಸಿಸ್ಟಮ್ ಹೌಸ್'ಗಳಿಗೇ ನೆರವು ಕೊಟ್ಟು ಹೊಸ ಮಿಶ್ರಣ ತಯಾರಿಸಲಾಯಿತು. ನೀರಿನಿಂದಲೂ ಫೋಮ್ ಉಬ್ಬಿಸಬಹುದು. ಆದರೆ ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಶಾಖವನ್ನು ಅಷ್ಟಾಗಿ ತಡೆಯದು. ಫೋಮ್ ಹೆಚ್ಚು ಬೇಕು, ಲಾಭ ಕರಗುತ್ತದೆ.

ಬದಲಿ ವಸ್ತು ದುಬಾರಿಯಾದರೆ ಏನಾದೀತು? ಚೀನಾ ಅದನ್ನು ತೋರಿಸಿತು. ನಿಷೇಧವಾಗಿದ್ದ ಸಿಎಫ್‌ಸಿ-11 ಗಾಳಿಯಲ್ಲಿ ಇಳಿಯಬೇಕಾದಷ್ಟು ಇಳಿಯುತ್ತಿಲ್ಲವೆಂದು 2018ರಲ್ಲಿ ವಿಜ್ಞಾನಿಗಳು ಹೇಳಿದರು. ಮರುವರ್ಷ ಬೆರಳು ಪೂರ್ವ ಚೀನಾದತ್ತ ತಿರುಗಿತು. ಕಾನೂನು ಮುರಿದ ಫೋಮ್ ತಯಾರಿಕೆಯ ಮೇಲೆ ಗುಮಾನಿ ಬಿತ್ತು. ಬಳಿಕ ಆ ಹೊರಸೂಸುವಿಕೆ ತಗ್ಗಿತೆಂದು 2021ರಲ್ಲಿ ವರದಿಯಾಯಿತು.

ಇನ್ನೊಂದು ಮಾತು ಉಳಿದಿದೆ. ಹಳೆಯ ಫೋಮಿನ ಗುಳ್ಳೆಗಳಲ್ಲಿ ಹಳೆಯ ಅನಿಲ ಇನ್ನೂ ಇದೆ. ಅದನ್ನು ನಾಶಪಡಿಸಲೇಬೇಕೆಂದು ಮಾಂಟ್ರಿಯಲ್ ಒಪ್ಪಂದ ಹೇಳುವುದಿಲ್ಲ. ಗುಜರಿಯಂಗಡಿಯ ಹುಡುಗ ಹಳೆಯ ಫ್ರಿಜ್ಜಿನ ಬಾಗಿಲನ್ನು ಸುತ್ತಿಗೆಯಿಂದ ಒಡೆದಾಗ ಅದು ಸದ್ದಿಲ್ಲದೆ ಹೊರಬೀಳುತ್ತದೆ.